ಭಾನುವಾರದ ಠರಾವು

ನಮ್ಮ ಕಡೆ ಹುಟ್ಟಿದವರು ಯಾರ ಮನೆಯಿಂದ ಎದ್ದರೂ "ಹೋಗ್ತೀನಿ" ಅನ್ನುವುದಿಲ್ಲ, "ಬರ್ತೀನಿ" ಅನ್ನುತ್ತಾರೆ. ಜಗಳ ಆಡಿ ಎದ್ದವನೂ ಅಷ್ಟೇ, ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ ಅಂದವನೂ ಅಷ್ಟೇ, ಚಪ್ಪಲಿ ಮೆಟ್ಟುವಾಗ "ಬರ್ತೀನಿ" ಅಂದುಕೊಂಡೇ ಮೆಟ್ಟಿಲು ಇಳಿಯುತ್ತಾನೆ. ಮುನಿರಾಜನ ಎಡವಟ್ಟು ಶುರುವಾಗಿದ್ದು ಈ ಒಂದು ಮಾತಿನಿಂದಲೇ.

ಮುನಿರಾಜ್ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಎಲೆಕ್ಟ್ರಿಷಿಯನ್. ಮನೆ ರಾಜಘಟ್ಟದ ಪಕ್ಕದ ಹಳ್ಳಿಯಲ್ಲಿ. ಅಲ್ಲಿನ ಪ್ರೌಢಶಾಲೆಯ ಮಕ್ಕಳು ರೋಬೋ ಸ್ಪರ್ಧೆಗೆ ಹೆಸರು ಕೊಟ್ಟಾಗ ಹೆಡ್ ಮಾಸ್ಟರ್ ಹರಿಪ್ರಸಾದ್ ಇವನನ್ನು ಕರೆದು, "ಒಂದೇ ಒಂದು ವೈರ್ ಬೆಸುಗೆ ಹಾಕಿಕೊಡಿ ಮುನಿರಾಜ್" ಅಂದಿದ್ದರು. ಪಾಪ, ಹಾಕಿಕೊಟ್ಟ. ಮಾರನೇ ದಿನ ಶಾಲೆಯ ಗೇಟಿನ ಫ್ಲೆಕ್ಸ್‌ನಲ್ಲಿ ಇವನ ಫೋಟೋ, ಅದರ ಕೆಳಗೆ "ಸ್ವಯಂಸೇವಕ ಮಾರ್ಗದರ್ಶಕರು" ಅಂತ ದಪ್ಪಕ್ಷರ. ಫ್ಲೆಕ್ಸ್‌ನಲ್ಲಿ ಫೋಟೋ ಬಂದ ಮೇಲೆ ಆ ಕೆಲಸದಿಂದ ತಪ್ಪಿಸಿಕೊಂಡ ಗಂಡಸು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಮೊದಲಿಗೆ ಇವನ ಜೊತೆ ಇನ್ನಿಬ್ಬರಿದ್ದರು. ಕಂಪ್ಯೂಟರ್ ಅಂಗಡಿಯ ನರೇಶ್ ಒಂದು ತಿಂಗಳು ಬಂದು ಫೋನ್ ನಂಬರ್ ಬದಲಾಯಿಸಿದ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಲಕ್ಷ್ಮಯ್ಯ ಊರನ್ನೇ ಬದಲಾಯಿಸಿ ಅನುಗೊಂಡನಹಳ್ಳಿಯ ಮಗಳ ಮನೆ ಸೇರಿಕೊಂಡರು. ಅವರ ಪಾಲಿನ ಕೆಲಸವೂ ಮುನಿರಾಜನ ತಲೆಗೇ ಬಂತು. ಕಾರ್ಖಾನೆ ಮುಗಿದರೆ ಶಾಲೆ, ಶಾಲೆ ಮುಗಿದರೆ ನಿದ್ದೆ, ಭಾನುವಾರ ಬಂದರೆ ಹಗಲೆಲ್ಲ ಶಾಲೆ. ಮನೆಯ ಗೇಟಿನ ಹತ್ತಿರ ಮಕ್ಕಳು ಬಂದು "ಸಾರ್, ಸಾರ್" ಅಂತ ಕೂಗುವುದನ್ನು ಕೇಳಿ ಕೇಳಿ, ಅಂಗನವಾಡಿಗೆ ಹೋಗುವ ಮಗಳು ಸಿಂಧು ಒಂದು ಸಂಜೆ ಇವನನ್ನು ಕಂಡವಳೇ ಒಳಗೆ ಓಡಿ, "ಅಮ್ಮಾ, ಸಾರ್ ಬಂದ್ರು" ಅಂದಳು. ಹೆಂಡತಿ ವಾಣಿಶ್ರೀ ಬಿದ್ದು ಬಿದ್ದು ನಕ್ಕಳು. ಮುನಿರಾಜನಿಗೆ ನಗು ಬರಲಿಲ್ಲ. ಆಕಾಶ ಕಳಚಿ ಬೀಳಲಿ, ಬರೋ ಭಾನುವಾರ ಹೆಂಡತಿ ಮಗಳ ಜೊತೆಗೇ ಇರ್ತೀನಿ ಅಂತ ಅವತ್ತೇ ಹಟ ತೊಟ್ಟ. ಸೂಲಿಬೆಲೆಯ ಅತ್ತೆ ಮನೆಗೆ ಫೋನು ಹೋಯಿತು. ಹಿತಕಿದ ಅವರೆಬೇಳೆ ಸಾರು ಮಾಡಿ ಕಾಯುತ್ತೇನೆ ಅಂತ ಅತ್ತೆ ಹೇಳಿಯೂ ಆಯಿತು.

ಶನಿವಾರ ಸಂಜೆ ಹೆಡ್ ಮಾಸ್ಟರ ಕೋಣೆಗೆ ಹೋದ. ಹೇಳಬೇಕಾದ್ದನ್ನೆಲ್ಲ ಬೆಳಿಗ್ಗೆ ಬಚ್ಚಲುಮನೆಯಲ್ಲೇ ಬಾಯಿಪಾಠ ಮಾಡಿಕೊಂಡಿದ್ದ. ಹರಿಪ್ರಸಾದ್ ಯಾರ ಜೊತೆಗೋ ಫೋನಿನಲ್ಲಿದ್ದರು, ಕೂತ್ಕೊಳ್ಳಿ ಅಂತ ಕೈ ತೋರಿಸಿದರು. ಮುನಿರಾಜ್ ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಕುಡಿದರೆ ದಾಕ್ಷಿಣ್ಯ ಬರುತ್ತದೆ. ನಿಂತಲ್ಲೇ ಶುರುಮಾಡಿದ. ಇನ್ನು ನನ್ನ ಕೈಲಾಗಲ್ಲ, ಮನೆ ಮಠ ಮರೆತುಹೋಗಿದೆ, ನಾಳೆಯಿಂದ ಬೇರೆಯವರನ್ನು ನೋಡಿಕೊಳ್ಳಿ ಅಂತ ಒಂದೂ ಅಕ್ಷರ ಬಿಡದೆ ಒಪ್ಪಿಸಿದ. ಹರಿಪ್ರಸಾದ್ ಫೋನಿಗೆ "ಹೌದಾ, ಹೌದಾ" ಅನ್ನುತ್ತ ಇವನಿಗೆ ತಲೆಯಾಡಿಸಿದರು. ಅವನಿಗೆ ಎದೆ ಹಗುರಾಯಿತು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಹುಟ್ಟಿದಾಗಿನಿಂದ ಅಂದುಕೊಂಡು ಬಂದದ್ದನ್ನೇ ಅಂದ.

"ಬರ್ತೀನಿ ಸಾರ್."

ಅಷ್ಟು ಹೊತ್ತಿಗೆ ಹರಿಪ್ರಸಾದರ ಫೋನು ಮುಗಿದಿತ್ತು. ಅವರ ಕಿವಿಗೆ ಬಿದ್ದದ್ದು ಇದೊಂದೇ. "ಬನ್ನಿ ಬನ್ನಿ, ಬೇಗ ಬಂದ್ಬಿಡಿ" ಅಂದು, ಆ ಕ್ಷಣವೇ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು: ಮುನಿರಾಜ್ ಸರ್ ನಾಳೆ ಇಡೀ ದಿನ ಬರುತ್ತಾರೆ, ಎಲ್ಲ ಪೋಷಕರೂ ಹಾಜರಿರಬೇಕು.

ಭಾನುವಾರ ಬೆಳಿಗ್ಗೆ ವಾಣಿಶ್ರೀ ಹೊಸ ಸೀರೆ ಉಟ್ಟಿದ್ದಳು. ಸಿಂಧುವಿನ ಜುಟ್ಟಿಗೆ ಕೆಂಪು ರಿಬ್ಬನ್ ಬಂದಿತ್ತು. ಮುನಿರಾಜ್ ಹಳೇ ವ್ಯಾನಿನ ಗಾಜು ಒರೆಸುತ್ತಿದ್ದಾಗ ತಂಡದ ಮಕ್ಕಳು ತಮ್ಮ ರೋಬೋ ಭೀಮನನ್ನು ಟೊಮೆಟೊ ಕ್ರೇಟಿನಲ್ಲಿ ಹೊತ್ತುಕೊಂಡು ಗೇಟಿಗೆ ಬಂದರು. ಮುಂದೆ ನಿಂತಿದ್ದವಳು ತಂಡದ ನಾಯಕಿ ಅನಿತ, ಪಕ್ಕದ ಮನೆ ಅಪ್ಪಯ್ಯಣ್ಣನ ಮೊಮ್ಮಗಳು.

"ಸಾರ್, ಭೀಮ ನಿನ್ನೆ ಸಂಜೆಯಿಂದ ನಿಂತ್ಕಂಡ್ ನಿಂತ್ಕಂಡ್ ಹೋಗ್ತಾವ್ನೆ. ದಾರೀಲೇ ಒಂದ್ಸಲ ನೋಡ್ಬಿಡಿ ಸಾರ್."

"ನಾನ್ ನೋಡಲ್ಲಮ್ಮ. ನಿನ್ನೆನೇ ಹೇಳ್ಬಿಟ್ಟು ಬಂದಿದ್ದೀನಿ."

"ಬರ್ತೀನಿ ಅಂತ ಹೇಳಿದ್ರಂತೆ. ಗ್ರೂಪಲ್ಲಿ ಬಂದದೆ."

ಕಾಂಪೌಂಡಿನಾಚೆ ಎಮ್ಮೆ ಮೈ ತೊಳೆಯುತ್ತಿದ್ದ ಅಪ್ಪಯ್ಯಣ್ಣ ಚೊಂಬು ಕೆಳಗಿಟ್ಟು ಬಂದ. ಅಕ್ಕಪಕ್ಕದಲ್ಲಿ ಎರಡು ಮಾತು ಜೋರಾದರೆ ಸಾಕು, ಮೂರನೆಯದು ಅಪ್ಪಯ್ಯಣ್ಣನದೇ ಆಗಿರಬೇಕು. "ಏನಪ್ಪಾ ಮುನಿರಾಜು, ಏನ್ ಸಮಾಚಾರ?"

"ಇದೇ ಅಣ್ಣ, ಇಸ್ಕೂಲ್ ಸಾವಾಸ. ಇವತ್ತಿಂದ ಬಿಟ್ಬಿಡ್ತೀನಿ."

"ಹೂಂ, ಬಿಟ್ಬಿಡಪ್ಪ. ಹೆಂಗೂ ಅದೇ ದಾರೀಲಿ ಹೋಗ್ತಾ ಇದ್ದೀಯ. ಹತ್ರಮ್ಮ, ಹತ್ರಿ, ಇಸ್ಕೂಲಿಗೆ ಬಿಡ್ತಾನಂತೆ."

"ಅಣ್ಣ, ಬಿಡ್ತೀನಿ ಅಂದ್ರೆ ಹಂಗೆ ಬಿಡೋದಲ್ಲ. ಬಿಟ್ಬಿಡೋದು."

"ಅದೇ ಕಣಪ್ಪ, ಬಿಟ್ಬಿಡು. ಬಾಗಿಲಲ್ಲಿ ಇಳ್ಸಿದ್ರೆ ಸಾಕು."

ಮಕ್ಕಳು ಆಗಲೇ ವ್ಯಾನಿನ ಹಿಂದೆ ಹತ್ತಿ ಕೂತಿದ್ದರು. ಕ್ರೇಟು ವಾಣಿಶ್ರೀಯ ಹೊಸ ಸೀರೆಯ ಪಕ್ಕಕ್ಕೇ ಬಂತು. ಅಪ್ಪಯ್ಯಣ್ಣನೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮುಂದಿನ ಸೀಟಿಗೆ ಹತ್ತಿದ. ಪೋಷಕರು ಹಾಜರಿರಬೇಕು ಅಂತ ಇದೆಯಲ್ಲ.

ದಾರಿಯಲ್ಲಿ ಮುನಿರಾಜ್ ಬೇರೆ ರೀತಿ ಹೇಳಿ ನೋಡಿದ. "ಅಣ್ಣ, ನಂಗೆ ಬರ್ನ್‌ಔಟ್ ಆಗದೆ. ಫ್ಯಾಕ್ಟ್ರಿ ಡಾಕ್ಟ್ರೇ ಹೇಳವ್ರೆ."

"ಅಯ್ಯೋ, ಎಲ್ಲಿ ಸುಟ್ಕಂಡೆ?"

"ಸುಟ್ಕಂಡಿಲ್ಲ ಅಣ್ಣ. ಒಳಗೆ. ಮನಸ್ಸಲ್ಲಿ."

"ಒಳಗಡೆ ಸುಟ್ರೆ ಕಷ್ಟ ಕಣಪ್ಪ. ಮಜ್ಜಿಗೆ ಕುಡಿ, ಲೋಳೆಸರ ಹಚ್ಚು." ಅಪ್ಪಯ್ಯಣ್ಣ ಫೋನು ತೆಗೆದು ಯಾರಿಗೋ ಹೇಳಿದ. ಆ ಯಾರೋ ಇನ್ಯಾರಿಗೋ ಹೇಳಿದರು. ವ್ಯಾನು ಶಾಲೆಯ ಗೇಟು ಮುಟ್ಟುವ ಹೊತ್ತಿಗೆ ಸುದ್ದಿ ಕೈಕಾಲು ಬೆಳೆಸಿಕೊಂಡು ಮುನಿರಾಜನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಹರಿಪ್ರಸಾದ್ ಮೈಕು ಹಿಡಿದು ಅಂಗಳದಲ್ಲೇ ನಿಂತಿದ್ದರು. "ನೋಡಿ ಪೋಷಕರೇ, ಇದು ಸೇವೆ ಅಂದ್ರೆ. ಮುನಿರಾಜ್ ಸರ್‌ಗೆ ಕೆಲಸದಲ್ಲಿ ಮೈ ಸುಟ್ಟಿದೆ. ಆದರೂ ಭಾನುವಾರ ಬಂದಿದ್ದಾರೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಬಂದು ಸುಟ್ಟಿದ್ದು ಯಾವ ಕೈ ಅಂತ ಎರಡನ್ನೂ ತಿರುಗಿಸಿ ನೋಡಿದಳು. ಮುನಿರಾಜ್ "ಹಂಗೇನಿಲ್ಲ ತಾಯಿ" ಅಂದ. ನೋವು ನುಂಗಿಕೊಂಡು ಹೇಳುತ್ತಿದ್ದಾನೆ ಅಂದುಕೊಂಡು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಐದೇ ನಿಮಿಷ" ಅಂತ ವಾಣಿಶ್ರೀಗೆ ಕೈಸನ್ನೆ ಮಾಡಿ ಅವನು ಒಳಗೆ ಹೋದ. ಅವಳು ಮಗಳ ಜೊತೆ ವ್ಯಾನಿನಲ್ಲೇ ಕೂತಳು. ಅವನ ಐದು ನಿಮಿಷ ಅಂದರೆ ಏನು ಅಂತ ಅವಳಿಗೆ ಗೊತ್ತು.

ಸಭೆಯಲ್ಲಿ ಹರಿಪ್ರಸಾದ್ ವಿಷಯಕ್ಕೆ ಬಂದರು. ಬರುವ ಶನಿವಾರ ಹೊಸಕೋಟೆಯಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ. ಬೇರೆ ಶಾಲೆಯವರು ಹಗಲೂ ರಾತ್ರಿ ಕೆಲಸ ಮಾಡುತ್ತಿದ್ದಾರಂತೆ. ನಾವೇನು ಕಡಿಮೆ? ಇವತ್ತಿನಿಂದ ನಾವೂ ಹಗಲೂ ರಾತ್ರಿ ಕೆಲಸ ಮಾಡಬೇಕು. ನಾವು ಅಂದಾಗಲೆಲ್ಲ ಅವರ ಬೆರಳು ಮುನಿರಾಜನ ಕಡೆಗೇ ಇತ್ತು. "ಮೊದಲು ಎಲ್ಲರೂ ಭೀಮನ ಸಾಮರ್ಥ್ಯ ನೋಡಿ" ಅಂದರು.

ಭೀಮನ ಕೆಲಸ ಇಷ್ಟೇ: ನೆಲದ ಮೇಲಿನ ಖಾಲಿ ಬಾಟಲಿ ಎತ್ತಿ ಬುಟ್ಟಿಗೆ ಹಾಕಬೇಕು. ಶುಕ್ರವಾರದವರೆಗೆ ಚೆನ್ನಾಗಿಯೇ ಹಾಕುತ್ತಿದ್ದ. ಆಮೇಲೆ ಇನ್ನೂ ದಿನವಿದೆಯಲ್ಲ ಅಂತ ಹರಿಪ್ರಸಾದ್ "ಸುಸ್ವಾಗತ" ಅನ್ನುವ ಸ್ಪೀಕರ್ ಕಟ್ಟಿಸಿದರು. ಪೋಷಕರ ಸಮಿತಿಯವರು ಮದುವೆ ಮನೆಯ ಸೀರಿಯಲ್ ಸೆಟ್ ಸುತ್ತಿಸಿದರು. ದೃಷ್ಟಿ ಆಗಬಾರದು ಅಂತ ಅಪ್ಪಯ್ಯಣ್ಣ ಶನಿವಾರ ಸಂಜೆ ಯಾರಿಗೂ ಹೇಳದೆ ಒಂದು ನಿಂಬೆಹಣ್ಣನ್ನು ಕರಿ ದಾರದಲ್ಲಿ ಪೋಣಿಸಿ ಭೀಮನ ಹೊಟ್ಟೆಯ ಕೆಳಗೆ ಕಟ್ಟಿದ್ದ. ಆ ದಾರ ಚಕ್ರಕ್ಕೆ ಸುತ್ತಿಕೊಂಡಿತ್ತು. ಮಕ್ಕಳು ತಪ್ಪನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತಿದ್ದರು.

ಅನಿತ ಸ್ವಿಚ್ ಒತ್ತಿದಳು. ಭೀಮ "ಸುಸ್ವಾಗತ" ಅಂದ. ಬಾಟಲಿಯ ಕಡೆಗೆ ಹೊರಟವನು ತಡವರಿಸಿ, ಎಡಕ್ಕೆ ತಿರುಗಿ, ಇನ್ನೊಂದು ಸಲ ಸುಸ್ವಾಗತ ಅಂದು, ಅತಿಥಿಗಳ ಸಾಲಿಗೆ ನುಗ್ಗಿದ. ಪೋಷಕರು ಕುರ್ಚಿಯ ಮೇಲೆ ಕಾಲೆತ್ತಿಕೊಂಡರು. ಭೀಮ ಹರಿಪ್ರಸಾದರ ಬೂಟು ಹಿಡಿದು ಎತ್ತಲು ನೋಡಿದ, ಅವರು ಒಂಟಿ ಕಾಲಿನಲ್ಲಿ ಮೈಕು ಹಿಡಿದೇ ಕುಣಿದರು. ಅಷ್ಟರಲ್ಲಿ ದಾರ ಹರಿದು ನಿಂಬೆಹಣ್ಣು ಜಾರಿ ಚಕ್ರದ ಕೆಳಗೆ ಸಿಕ್ಕಿ ಪಚಕ್ ಅಂತ ಒಡೆಯಿತು.

ಹೊಸ ಗಾಡಿ ನಿಂಬೆಹಣ್ಣು ಮೆಟ್ಟಿದರೆ ಏನು ಮಾಡಬೇಕು ಅಂತ ನಮ್ಮ ಜನಕ್ಕೆ ಹೇಳಿಕೊಡಬೇಕೇ? ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿಂಬೆರಸ ಸರ್ಕೀಟಿಗೆ ಹಾರಿತ್ತು. ಸೀರಿಯಲ್ ಸೆಟ್ ಎರಡು ಸಲ ಮಿನುಗಿ ಆರಿತು, ಭೀಮನ ಬೆನ್ನಿನಿಂದ ಹೊಗೆ ಎದ್ದಿತು.

"ನೋಡಿದ್ರಾ, ದೃಷ್ಟಿ ಹೊಗೆ ಆಗಿ ಹೋಯ್ತಾ ಅದೆ" ಅಂತ ಅಪ್ಪಯ್ಯಣ್ಣ ಕೈ ಮುಗಿದ.

"ಏನೂ ಚಿಂತೆ ಇಲ್ಲ" ಅಂದರು ಹರಿಪ್ರಸಾದ್, ಬೂಟು ಸರಿಮಾಡಿಕೊಳ್ಳುತ್ತ. "ಮುನಿರಾಜ್ ಸರ್ ಇದ್ದಾರಲ್ಲ. ಸಂಜೆಯೊಳಗೆ ರಿಪೇರಿ ಮಾಡ್ತಾರೆ. ಆಗದಿದ್ರೆ ರಾತ್ರಿ ಇಲ್ಲೇ ಇರ್ತಾರೆ. ಊಟ ಶಾಲೆ ಕಡೆಯಿಂದ."

ಆಗಲೇ ಬಾಗಿಲಲ್ಲಿ ಕೆಂಪು ರಿಬ್ಬನ್ ಕಾಣಿಸಿತು. ಸಿಂಧು ಜನರ ಕಾಲುಗಳ ನಡುವೆ ನುಸುಳಿ ಬಂದು ಮುನಿರಾಜನ ಪ್ಯಾಂಟು ಹಿಡಿದು ಎಳೆದಳು. "ಸಾರ್, ಅಮ್ಮ ಕರೀತಾವ್ಳೆ."

ಇಡೀ ಸಭೆ ಹೋ ಅಂತ ನಕ್ಕಿತು. ಹರಿಪ್ರಸಾದ್ ಮೈಕಿನಲ್ಲೇ ನಕ್ಕರು. ಮುನಿರಾಜ್ ಮಗಳನ್ನು ಎತ್ತಿ ಕಂಕುಳಿಗೆ ಹಾಕಿಕೊಂಡು ಬೆಂಚಿನ ಮೇಲೆ ಹತ್ತಿದ. ಹೆಡ್ ಮಾಸ್ಟರ ಕೈಯಿಂದ ಮೈಕು ಕಿತ್ತುಕೊಂಡ. ಇಷ್ಟು ತಿಂಗಳಲ್ಲಿ ಅವನು ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡದ್ದಿಲ್ಲ, ಹಾಗಾಗಿ ನಗು ತಟ್ಟನೆ ನಿಂತಿತು.

"ನಾನು ಇವಳಿಗೆ ಸಾರ್ ಅಲ್ಲ. ಅಪ್ಪ" ಅಂದ. "ಹೆತ್ತ ಮಗಳು ನನ್ನ ಸಾರ್ ಅಂತಾಳೆ. ನಿಮಗೆ ನಗು ಬರ್ತದೆ, ನನಗೆ ಹೊಟ್ಟೆ ಉರೀತದೆ. ನನ್ನ ಮೈ ಎಲ್ಲೂ ಸುಟ್ಟಿಲ್ಲ, ಸುಟ್ಟಿರೋದು ಅದು. ನರೇಶ್ ಯಾಕೆ ನಂಬರ್ ಬದಲಾಯಿಸ್ದ? ಲಕ್ಷ್ಮಯ್ಯ ಮೇಷ್ಟ್ರು ಯಾಕೆ ಊರು ಬಿಟ್ರು? ಯಾರಾದ್ರೂ ಒಬ್ರು ಕೇಳಿದ್ರಾ?"

ಕಿಟಕಿಯ ಆಚೆ ವಾಣಿಶ್ರೀ ಬಂದು ನಿಂತಿದ್ದಳು.

"ಹಗಲೂ ರಾತ್ರಿ ಮಾಡ್ಬೇಕು ಅಂತೀರ. ಈ ಭೀಮ ಶುಕ್ರವಾರ ಸರಿಯಾಗಿ ಬಾಟ್ಲು ಹಾಕ್ತಿದ್ದ. ಆವತ್ತೇ ಎಲ್ಲ ಮನೆಗೆ ಹೋಗಿ ಮಲಗಿದ್ದಿದ್ರೆ ಇವತ್ತೂ ಹಾಕ್ತಿದ್ದ. ಟೈಮು ಜಾಸ್ತಿ ಸಿಕ್ತು, ಅದಕ್ಕೇ ಕೆಡಿಸಿದ್ವಿ. ನನ್ನನ್ನೂ ಹಂಗೇ ಕೆಡಿಸ್ತಿದ್ದೀರ. ಇವತ್ತು ಒಂದು ಠರಾವು ಆಗ್ಬೇಕು. ಆಗದಿದ್ರೆ ನಾನು ಈ ಮೈಕು ಕೊಡಲ್ಲ."

ಹರಿಪ್ರಸಾದ್ ಮೆತ್ತಗಾದರು. ಅವರಿಗೆ ಠರಾವಿಗಿಂತ ಮೈಕಿನ ಚಿಂತೆ. "ಆಯ್ತು ಮುನಿರಾಜ್, ತಪ್ಪಾಯ್ತು. ವಾರದ ದಿನ ಆರು ಗಂಟೆಗೆ ಬೀಗ ಹಾಕೋಣ. ಭಾನುವಾರ ಸ್ವಯಂಸೇವಕರು ಶಾಲೆಗೆ ಬರಬೇಕಾಗಿಲ್ಲ. ಸರೀನಾ?"

ಬೆಳಗಿನಿಂದ ಮಾತಿನಲ್ಲೇ ಏಟು ತಿಂದವನು ಮುನಿರಾಜ್. ಈ ಸಲ ಅವನು ಮೋಸ ಹೋಗುವವನಲ್ಲ. "ಬರಬೇಕಾಗಿಲ್ಲ ಅಂದ್ರೆ ಬಂದ್ರೂ ಬರಬಹುದು ಅಂತಾಯ್ತು. ನಾಳೆ ನೀವೇ ಹಂಗೆ ಅರ್ಥ ಮಾಡ್ತೀರ. ಅದು ಬೇಡ. ಬರಬಾರದು ಅನ್ನಿ. ಭಾನುವಾರ ಯಾವ ಸ್ವಯಂಸೇವಕನೂ ಶಾಲೆ ಹೊಸ್ತಿಲು ತುಳಿಯಬಾರದು. ಏನೇ ಕಾರಣ ಹೇಳಿದ್ರೂ, ಯಾರೇ ಕರೆದ್ರೂ, ಅವನೇ ಬಂದು ಬಾಗಿಲು ತಟ್ಟಿದ್ರೂ ಒಳಗೆ ಬಿಡಬಾರದು."

"ಅವನೇ ಬಂದ್ರೂನಾ?"

"ಅವನೇ ಬಂದ್ರೂ. ಕೈ ಎತ್ತಿ ಎಲ್ಲ."

ಮೊದಲು ಎದ್ದದ್ದು ಅನಿತಳ ಕೈ. ಆಮೇಲೆ ಅಪ್ಪಯ್ಯಣ್ಣನದು. ನೋಡನೋಡುತ್ತ ಸಭೆಯ ಕೈಗಳೆಲ್ಲ ಎದ್ದವು, ಕಿಟಕಿಯಾಚೆ ವಾಣಿಶ್ರೀಯದೂ ಎದ್ದಿತು. ಮುನಿರಾಜ್ ಮೈಕು ವಾಪಸ್ ಕೊಟ್ಟ, ಸುಟ್ಟು ಕರಕಲಾದ ಭೀಮನ ಕಡೆ ತಿರುಗಿಯೂ ನೋಡದೆ ಮಗಳನ್ನು ಹೊತ್ತುಕೊಂಡು ನಡೆದ. ಬಾಗಿಲಲ್ಲಿ ಬಾಯಿಗೆ ಬಂದ "ಬರ್ತೀನಿ"ಯನ್ನು ಹಲ್ಲು ಕಚ್ಚಿ ನುಂಗಿಕೊಂಡ.

ಸೂಲಿಬೆಲೆಯಲ್ಲಿ ಊಟ ತಡವಾಯಿತು, ಆದರೆ ಎಂಥ ಊಟ. ಅವರೆಬೇಳೆ ಸಾರಿಗೆ ಅತ್ತೆ ಎರಡನೇ ಮುದ್ದೆ ಹಾಕುವಾಗ ಅವನು ಬೇಡ ಅನ್ನಲಿಲ್ಲ, ಮೂರನೆಯದಕ್ಕೂ ಅನ್ನಲಿಲ್ಲ. ಸಿಂಧು ಅವನ ಬೆನ್ನ ಮೇಲೆ ಕೂತು ಕುದುರೆ ಓಡಿಸಿದಳು. ಒಂದು ಸಲ ಅಲ್ಲ, ಹತ್ತು ಸಲ "ಅಪ್ಪಾ" ಅಂದಳು. ಹಜಾರದ ಚಾಪೆಯ ಮೇಲೆ ಅವನಿಗೆ ಹತ್ತಿದ ನಿದ್ದೆ ಹೇಗಿತ್ತೆಂದರೆ, ಅತ್ತೆ ಎರಡು ಸಲ ಬಂದು ಉಸಿರಾಡುತ್ತಿದ್ದಾನಾ ಅಂತ ನೋಡಿಹೋದರು. ನಡುವೆ ಎಲ್ಲೋ ಅವನ ಫೋನು ಹೊಡೆದುಕೊಂಡಿತು. ಯಾರೋ ಎತ್ತಿಕೊಂಡ ಹಾಗೆ ನಿದ್ದೆಯಲ್ಲೇ ಅನ್ನಿಸಿತು, ಅಷ್ಟೇ.

ಸಂಜೆ ವಾಪಸ್ ಬರುವಾಗ ದಾರಿಯುದ್ದಕ್ಕೂ ವ್ಯಾನಿನಲ್ಲಿ ಹಾಡು ಹೇಳಿಕೊಂಡೇ ಬಂದ. "ನೋಡ್ದ್ಯಾ ವಾಣಿ, ಗಟ್ಟಿಯಾಗಿ ನಿಂತ್ರೆ ಯಾರೂ ಏನೂ ಮಾಡಕ್ಕಾಗಲ್ಲ" ಅಂದ. ವಾಣಿಶ್ರೀ "ಹೂಂ" ಅಂದಳು. ಯಾಕೋ ಆ ಹೂಂ ಸ್ವಲ್ಪ ಸಣ್ಣಗಿತ್ತು.

ಮನೆಯಲ್ಲಿ ಎಲ್ಲ ಲೈಟೂ ಉರಿಯುತ್ತಿತ್ತು. ಬಾಗಿಲಲ್ಲಿ ರಾಶಿ ಚಪ್ಪಲಿ. ಅದರ ನಡುವೆ ಹೆಡ್ ಮಾಸ್ಟರ ಬೂಟು.

ಒಳಗೆ ನಡುಮನೆಯ ಸೋಫಾ ಗೋಡೆಗೆ ಒರಗಿ ನಿಂತಿತ್ತು. ನೆಲದ ತುಂಬ ವೈರು, ಸ್ಕ್ರೂ, ಮೋಟಾರು. ನಡುವೆ ಹೊಟ್ಟೆ ಬಗೆಸಿಕೊಂಡ ಭೀಮ, ಸುತ್ತ ಮಕ್ಕಳು. ಹರಿಪ್ರಸಾದ್ ಮುನಿರಾಜನ ಕುರ್ಚಿಯಲ್ಲಿ ಕೂತು ಮುನಿರಾಜನ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಅಪ್ಪಯ್ಯಣ್ಣ ತಾನೇ ಕಾಫಿ ಸೋಸುತ್ತಿದ್ದ. ಮನೆಯ ಇನ್ನೊಂದು ಬೀಗದಕೈ ಪಕ್ಕದ ಮನೆಯಲ್ಲೇ ಇಡುವುದು ಊರ ರೂಢಿ.

"ಬನ್ನಿ ಬನ್ನಿ" ಅಂದರು ಹರಿಪ್ರಸಾದ್, ಮನೆಯ ಯಜಮಾನನಿಗೇ. "ನೀವು ಹೇಳಿದ್ದು ಮನಸ್ಸಿಗೆ ತುಂಬ ನಾಟಿತು ಮುನಿರಾಜ್. ಸ್ವಯಂಸೇವಕರು ಶಾಲೆಗೆ ಬರಬಾರದು ಅಂತ ಠರಾವಾಯ್ತು. ಅದಕ್ಕೇ ಲ್ಯಾಬನ್ನೇ ಇಲ್ಲಿಗೆ ತಂದ್ವಿ. ಇನ್ಮೇಲೆ ಭಾನುವಾರ ನಿಮಗೆ ಅಲೆದಾಟವೇ ಇಲ್ಲ."

ಮುನಿರಾಜನ ರಕ್ತ ತಲೆಗೇರಿತು. ಬೆಳಿಗ್ಗೆ ಬೆಂಚು ಹತ್ತಿದವನು ಈಗ ಬೇಕಾದರೆ ಅಟ್ಟ ಹತ್ತುತ್ತಾನೆ. "ಯಾರನ್ನ ಕೇಳಿ ಬಂದ್ರಿ ಸಾರ್? ಇದು ನನ್ನ ಮನೆ. ವಾಣಿ, ನೀನೇ ಹೇಳು ಇವರಿಗೆ."

ವಾಣಿಶ್ರೀ ನಿದ್ದೆಹೋದ ಸಿಂಧುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. "ನಾನೇ ಹೂಂ ಅಂದಿದ್ದು. ನೀವು ಮಲಗಿದ್ದಾಗ ಫೋನ್ ಮಾಡಿದ್ರು."

"ನೀನಾ?"

"ಮತ್ತೇನ್ ಮಾಡ್ಲಿ? ಆರು ಗಂಟೆಗೆ ಬೀಗ ಹಾಕ್ತೀವಿ ಅಂತ ಅವ್ರು ಅಂತಾರೆ, ನೀವು ನಂಬ್ತೀರ. ಈ ಅನಿತ ಕಣ್ಣಲ್ಲಿ ನೀರು ಹಾಕಿದ್ರೆ ಓಡಿಹೋಗೋರು ನೀವೇ. ಹೆಂಗೂ ಆ ಕೆಲಸ ಬಿಡೋರಲ್ಲ. ಇಲ್ಲೇ ಮಾಡ್ಕಂಡ್ರೆ ಮನೇಲಾದ್ರೂ ಇರ್ತೀರಲ್ಲ. ಮಗು ಎದ್ದಾಗ ಅಪ್ಪನ ಮುಖ ಕಾಣ್ತದೆ."

ಮುನಿರಾಜನ ಹಟ ಮಾತ್ರ ಇಳಿಯಲಿಲ್ಲ. ಸುತ್ತ ನೋಡಿದ. ಮಲಗುವ ಕೋಣೆಯಲ್ಲಿ ಇಬ್ಬರು ಹುಡುಗರು ಮಂಚದ ಮೇಲೆ ಸೀರಿಯಲ್ ಸೆಟ್ ಬಿಡಿಸುತ್ತಿದ್ದರು. ಹಿತ್ತಲಲ್ಲಿ ಯಾರೋ ಡ್ರಿಲ್ಲಿಂಗ್ ಮಷಿನ್ ಶುರುಮಾಡಿದರು. ಈ ಭೂಮಿಯ ಮೇಲೆ ಈಗ ಸದ್ದಿಲ್ಲದ ಜಾಗ ಒಂದೇ, ಬಾಗಿಲು ಹಾಕಿದ ಪ್ರೌಢಶಾಲೆ.

ಅವನು ಮಂಚದಿಂದ ದಿಂಬು, ಗೂಟದಿಂದ ಕಂಬಳಿ ಎಳೆದುಕೊಂಡ. "ಸಾರ್, ಇಸ್ಕೂಲಿನ ಬೀಗದಕೈ ಕೊಡಿ. ನಾನು ಅಲ್ಲಿ ಹೋಗಿ ಮಲಗ್ತೀನಿ. ಯಾರೂ ಬರಬೇಡಿ."

ಹರಿಪ್ರಸಾದ್ ಬೀಗದಕೈ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡರು. ಅವರ ಮುಖದಲ್ಲಿ ನಿಜಕ್ಕೂ ಬೇಸರವಿತ್ತು. ಮಾತಾಡಿದ್ದು ಅನಿತ. ಸ್ಕ್ರೂಡ್ರೈವರ್ ಹಿಡಿದುಕೊಂಡೇ ತಲೆಯೆತ್ತಿ, ತಪ್ಪು ಲೆಕ್ಕ ಮಾಡಿದವರನ್ನು ತಿದ್ದುವ ಹಾಗೆ ಮೆಲ್ಲಗೆ ಹೇಳಿದಳು.

"ಆಗಲ್ಲ ಸಾರ್. ಇವತ್ತು ಭಾನುವಾರ. ನೀವೇ ಬಂದ್ರೂ ಒಳಗೆ ಬಿಡಬಾರದು."